ಆಶ್ರಯ, ವಸತಿ, ಮನೆ: ಗೋಕಾವಿ ಸೀಮೆಯಲ್ಲಿ ಸರಕಾರದ ವಸತಿನೀತಿಯ ಭಾಷಾವಿಚಾರ

ವಿಮರ್ಶೆಯು ಕಾವ್ಯ, ನಾಟಕ, ಕಾದಂಬರಿಗಳಿಗೆ ಮಾತ್ರ ಸಲ್ಲತಕ್ಕುದೆಂಬ ಭಾವನೆಯು ವಿದ್ವಾಂಸರಲ್ಲಿ ಇನ್ನೂ ಬಲವಾಗಿಯೇ ಇರುವುದು. ಸರಕಾರದ ಆದೇಶ, ಯೋಜನೆಯ ಮಾರ್ಗಸೂಚಿ, ಅರ್ಜಿಯ ನಮೂನೆ, ಹಕ್ಕುಪತ್ರ ಮೊದಲಾದುವು ಭಾಷೆಯಿಂದಲೇ ನಿರ್ಮಿತವಾದ ಬರಹಗಳಾದರೂ ಅವುಗಳನ್ನು ಬರಹಗಳೆಂದು ಓದುವ ರೂಢಿ ಕನ್ನಡದಲ್ಲಿ ಬೆಳೆದಿಲ್ಲ. ಕಾವ್ಯದಲ್ಲಿ ಒಂದು ಪದವು ಅಸ್ಥಾನದಲ್ಲಿ ಬಿದ್ದರೆ ರಸಕ್ಕೆ ಭಂಗ ಬರುವುದು. ಆದೇಶದಲ್ಲಿ ಒಂದು ಪದವು ಅಸ್ಥಾನದಲ್ಲಿ ಬಿದ್ದರೆ ಗೋಡೆ ಕುಸಿದ ಒಂದು ಮನೆಯವರು ಪಟ್ಟಿಯಿಂದ ಹೊರಗುಳಿಯುವರು. ಎರಡನೆಯ ದೋಷವು ಮೊದಲನೆಯದಕ್ಕಿಂತ ಲಘುವೆಂದು ಲಕ್ಷಣಕಾರರೂ ಹೇಳಲಾರರು. ಆದಕಾರಣ ಗ್ರಾಮೀಣ ವಸತಿನೀತಿಯ ಭಾಷೆಯನ್ನು ಒಂದು ಗೊತ್ತಾದ ಸೀಮೆಯ ಬಳಕೆಯ ಮಾತಿನೊಡನೆ ಹೋಲಿಸಿ ನೋಡುವುದು ವಿಮರ್ಶಕನ ಕಾರ್ಯಕ್ಕೆ ಹೊರತಾದುದಲ್ಲ.

ಬೆಳಗಾವಿ ಜಿಲ್ಲೆಯ ಗೋಕಾಕ, ಹುಕ್ಕೇರಿ, ಈಚೆಗೆ ಗೋಕಾಕದಿಂದ ಬೇರ್ಪಟ್ಟು ತಾಲೂಕಾದ ಮೂಡಲಗಿ, ಈ ಮೂರೂ ಇಂತಹ ಹೋಲಿಕೆಗೆ ತಕ್ಕ ಕ್ಷೇತ್ರವಾಗಿರುವುವು. ಗೋಕಾವಿಯೆಂದು ಹಿಂದೆ ಹೆಸರಾದ ಈ ನಾಡು ಆನಂದಕಂದ ಬೆಟಗೇರಿ ಕೃಷ್ಣಶರ್ಮರ ಜನ್ಮಭೂಮಿ. ಗೋಕಾಕ ತಾಲೂಕಿನ ಮಲಾಮರಡಿಯು ಬಸವರಾಜ ಕಟ್ಟೀಮನಿಯವರ ಊರು. ಘಟಪ್ರಭೆಯ ದಂಡೆಯ ಘೋಡಗೇರಿಯು ಚಂದ್ರಶೇಖರ ಕಂಬಾರರದು. ಹಳ್ಳಿಯ ಆಡುಮಾತನ್ನು ಸಾಹಿತ್ಯದ ಮಾತನ್ನಾಗಿ ಮಾಡಿದ ಕೀರ್ತಿಯಲ್ಲಿ ಈ ಸೀಮೆಗೆ ದೊಡ್ಡ ಪಾಲು ಉಂಟು. ಇನ್ನೊಂದು ಕಾರಣವು ಇಷ್ಟು ಸಂತೋಷದ್ದಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ, ಹಿರಣ್ಯಕೇಶಿ ನದಿಗಳು ಏಕಕಾಲದಲ್ಲಿ ಉಕ್ಕಿ ಹರಿದು ಗೋಕಾಕ ಪಟ್ಟಣದ ತಗ್ಗಿನ ಓಣಿಗಳೂ ನದಿಯ ಎರಡೂ ದಂಡೆಯ ಹಳ್ಳಿಗಳೂ ಮುಳುಗಿದುವು. ಲೋಳಸೂರ ಸೇತುವೆಯ ಮೇಲೆ ನೀರು ಹರಿಯಿತು. 2021ರ ಜುಲೈಯಲ್ಲಿ ಪ್ರವಾಹವು ಮರುಕಳಿಸಿತು. ಮನೆಯೆಂದರೇನು, ಯಾರ ಮನೆ, ಎಷ್ಟು ಬಿದ್ದರೆ ಬಿದ್ದಂತೆ ಎಂಬ ಪ್ರಶ್ನೆಗಳು ಇಲ್ಲಿ ಕೋಶದಲ್ಲಿ ಉಳಿಯದೆ ಪಂಚಾಯತಿಯ ಕಟ್ಟೆಗೆ ಬಂದುವು.

ಮೊದಲು ಯೋಜನೆಗಳ ನಾಮಕರಣವನ್ನು ಗಮನಿಸಬೇಕು. 1970ರ ದಶಕದ ಜನತಾ ಮನೆಗಳ ತರುವಾಯ ಕರ್ನಾಟಕ ಸರಕಾರವು 1991-92ರಲ್ಲಿ ಆರಂಭಿಸಿದ ಯೋಜನೆಗೆ ‘ಆಶ್ರಯ’ವೆಂದು ಹೆಸರು. ಕೇಂದ್ರದ ಇಂದಿರಾ ಆವಾಸ ಯೋಜನೆಯು 1985-86ರಲ್ಲಿ ಹುಟ್ಟಿ 1996ರಲ್ಲಿ ಸ್ವತಂತ್ರವಾಗಿ 2016ರಲ್ಲಿ ಪ್ರಧಾನಮಂತ್ರಿ ಆವಾಸ ಯೋಜನೆಯಾಗಿ ರೂಪಾಂತರ ಹೊಂದಿತು. ಉತ್ತರ ಕರ್ನಾಟಕದ 2009ರ ಪ್ರವಾಹದ ಬಳಿಕ ಬಂದುದು ‘ಆಸರೆ’. ‘ಬಸವ ವಸತಿ’, ‘ಅಂಬೇಡ್ಕರ್ ನಿವಾಸ’ ಎಂಬುವು ಬೇರೆ. ಇವುಗಳನ್ನು ರಾಜ್ಯದಲ್ಲಿ ನಡೆಯಿಸಲು 2000ದಲ್ಲಿ ಸ್ಥಾಪಿತವಾದುದು ರಾಜೀವ ಗಾಂಧಿ ಗ್ರಾಮೀಣ ವಸತಿ ನಿಗಮ. ಆಶ್ರಯ, ಆವಾಸ, ನಿವಾಸ, ವಸತಿ ಎಲ್ಲವೂ ತತ್ಸಮಗಳು. ಒಂದೇ ಒಂದು ತದ್ಭವವೆಂದರೆ ಆಸರೆ. ಅದೂ ಆಶ್ರಯದ ತದ್ಭವವೇ. ಹದಿನೆಂಟು ವರ್ಷಗಳ ತರುವಾಯ ಸರಕಾರವು ಹೊಸ ಹೆಸರನ್ನು ಹುಡುಕಿ ಹಳೆಯ ಹೆಸರನ್ನೇ ಹಳ್ಳಿಯ ಉಚ್ಚಾರದಲ್ಲಿ ಮರಳಿ ತಂದಿತೆನ್ನಬೇಕು. ಮುಖ್ಯ ಯೋಜನೆಗಳ ಹೆಸರುಗಳಲ್ಲಿ ‘ಮನೆ’ ಎಂಬ ಅಚ್ಚಗನ್ನಡದ ಮಾತು ಬಹು ವಿರಳವಾಗಿರುವುದು ಆಕಸ್ಮಿಕವೆಂದು ತೋರುವುದಿಲ್ಲ.

ಆಶ್ರಯವೆಂಬುದು ಸಂಬಂಧವಾಚಿಯಾದ ಪದ. ಆಶ್ರಯವನ್ನು ಕೊಡುವವನೊಬ್ಬನು, ಪಡೆಯುವವನೊಬ್ಬನು. ಆಶ್ರಯದಾತ, ಆಶ್ರಿತ, ರಾಜಾಶ್ರಯ ಎಂಬ ಸಮಾಸಗಳನ್ನು ಬಲ್ಲ ಸಾಹಿತ್ಯದ ವಿದ್ಯಾರ್ಥಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ಆಸ್ಥಾನಕವಿಯು ಎಂತಹ ದೊಡ್ಡ ಪ್ರತಿಭಾಶಾಲಿಯಾದರೂ ರಾಜಾಶ್ರಯವು ತಪ್ಪಿದ ದಿನ ಊರು ಬಿಡಬೇಕಾಗುತ್ತಿತ್ತು. ಒಡೆತನವನ್ನು ಕೊಡುವೆನೆಂದು ಹೊರಟ ಯೋಜನೆಗೆ ಒಡೆತನವಿಲ್ಲದುದನ್ನೇ ಸೂಚಿಸುವ ಹೆಸರು ಒದಗಿತು. ಇದರ ಪರಿಣಾಮವು ನಾಮಫಲಕದಲ್ಲಿಯೇ ನಿಂತಿದ್ದರೆ ಚರ್ಚೆಗೆ ಎಡೆಯಿರುತ್ತಿರಲಿಲ್ಲ. ಆದರೆ ಹೆಸರು ವಿಳಾಸವಾಗಿ ಇಳಿಯಿತು. ಊರ ಹೊರಗೆ ಅಗ್ಗದ ಜಮೀನು ಸಿಕ್ಕಲ್ಲಿ ನಿವೇಶನಗಳನ್ನು ಹಂಚಿದ ಮೇಲೆ ಆ ಓಣಿಯ ಹೆಸರು ‘ಜನತಾ ಪ್ಲಾಟ’, ‘ಆಶ್ರಯ ಕಾಲೋನಿ’ ಎಂದೇ ನಿಂತಿತು. ಕುಂಬಾರ ಓಣಿಯವನು, ಪೇಟೆಯವನು, ಅಗಸಿಯ ಹತ್ತಿರದವನು ಎಂದು ಊರಿನ ಇತರರನ್ನು ಗುರುತಿಸುವರು. ಇವನನ್ನು ಮಾತ್ರ ಮೂರನೆಯ ತಲೆಮಾರಿನವರೆಗೂ ಸರಕಾರದ ಯೋಜನೆಯ ಹೆಸರಿನಿಂದ ಗುರುತಿಸುವರು. ಮನೆಯು ಸ್ವಂತವಾದರೂ ವಿಳಾಸವು ಹಂಗಿನದಾಗಿಯೇ ಉಳಿದಿದೆ.

‘ವಸತಿ’ಯ ಚರಿತ್ರೆ ಇನ್ನೂ ಸ್ವಾರಸ್ಯವಾಗಿದೆ. ಈ ಶಬ್ದವು ಹಿಂದೊಮ್ಮೆ ತದ್ಭವವಾಗಿ ‘ಬಸದಿ’ಯಾಯಿತು, ಸವದತ್ತಿಯ ರಟ್ಟರ ಕಾಲದಿಂದಲೂ ಈ ಸೀಮೆಯಲ್ಲಿ ಬಸದಿಗಳಿಗೆ ಕೊರತೆಯಿಲ್ಲ. ಇಂದಿನ ಆಡುಮಾತಿನಲ್ಲಿ ಅದೇ ಶಬ್ದವು ‘ವಸ್ತಿ’ಯಾಗಿ, ಒಂದು ರಾತ್ರಿ ತಂಗುವುದೆಂಬ ಅರ್ಥದಲ್ಲಿ ನಿಂತಿದೆ. ಸಂಜೆ ಹಳ್ಳಿಗೆ ಬಂದು ಅಲ್ಲಿಯೇ ನಿಂತು ಬೆಳಗಿನಲ್ಲಿ ಹೊರಡುವ ಮೋಟಾರಿಗೆ ಉತ್ತರ ಕರ್ನಾಟಕದಲ್ಲೆಲ್ಲ ‘ವಸ್ತಿ ಬಸ್ಸು’ ಎನ್ನುವರು. ಬೆಂಗಳೂರಿನ ಕಚೇರಿಯಲ್ಲಿ ‘ವಸತಿ’ಯೆಂದು ಬರೆದ ಮಾತು ಹುಕ್ಕೇರಿಯ ಹಳ್ಳಿಯೊಂದರಲ್ಲಿ ಕೇಳುವವನ ಕಿವಿಗೆ ಹೀಗೆ ರಾತ್ರಿ ನಿಂತು ಹೋಗುವ ಮೋಟಾರಿನ ನೆನಪನ್ನು ತಂದರೆ ಅದು ಕೇಳುವವನ ದೋಷವಲ್ಲ. ‘ಸರ್ವರಿಗೂ ಸೂರು’ ಎಂಬ ಘೋಷವಾಕ್ಯದ ಸ್ಥಿತಿಯೂ ಇದೇ. ಸೂರು ಎಂದರೆ ಇಳಿಜಾರಾದ ಮಾಡಿನ ಅಂಚು, ಮಳೆಯ ನೀರು ತೊಟ್ಟಿಕ್ಕುವ ಸ್ಥಳ. ಮಳೆ ಹೆಚ್ಚಾದ ಹುಕ್ಕೇರಿಯ ಪಡುವಣ ಹಳ್ಳಿಗಳಲ್ಲಿ ಹಂಚಿನ ಮನೆಗಳುಂಟು. ಅಲ್ಲಿ ಈ ಮಾತಿಗೆ ಆಧಾರವಾದರೂ ಸಿಕ್ಕೀತು. ಮೂಡಲಗಿಯ ಕಡೆಯ ಒಣ ಸೀಮೆಯ ಮಾಳಿಗೆ ಮನೆಯು ಮೇಲ್ಮುದ್ದೆ ಹಾಕಿದ ಚಪ್ಪಟೆ ಮಾಡಿನದು. ಅದಕ್ಕೆ ಸೂರೇ ಇಲ್ಲ.

ಹಾಗಾದರೆ ಮನೆಯೆಂದರೇನು? ಈ ಪದವು ದ್ರಾವಿಡಭಾಷೆಗಳಿಗೆಲ್ಲ ಸಾಧಾರಣವಾದುದು. ತಮಿಳಿನಲ್ಲಿ ‘ಮನೈ’ ಎಂಬುದು ಮನೆಯನ್ನೂ ಮನೆ ಕಟ್ಟುವ ನಿವೇಶನವನ್ನೂ ಹೇಳುವುದು. ತೆಲುಗಿನ ‘ಮನು’ ಎಂಬ ಧಾತುವಿಗೆ ಬಾಳುವುದೆಂದು ಅರ್ಥ. ಕನ್ನಡದಲ್ಲಿ ಇದೇ ಪದದಿಂದ ಮನೆತನ, ಮನೆವಾರ್ತೆ, ಮನೆದೇವರು, ಮನೆಯವರು ಎಂಬ ಮಾತುಗಳು ಹೊರಟು, ಕಟ್ಟಡ, ವಂಶ, ಸಂಸಾರದ ವ್ಯವಹಾರ, ಕಡೆಗೆ ಮಡದಿಯವರೆಗೆ ಹಬ್ಬಿರುವುವು. ಕಿಟ್ಟೆಲ್ಲರ ಕೋಶವು (1894) ಈ ಪದಕ್ಕೆ ವಾಸಸ್ಥಾನವೆಂಬುದರ ಜತೆಗೆ ಕೋಣೆಯೆಂಬ ಅರ್ಥವನ್ನೂ ಕೊಟ್ಟಿರುವುದು. ಇದು ಮುಖ್ಯವಾದ ಸಂಗತಿ. ಅಡಿಗೆಮನೆ, ದೇವರ ಮನೆ, ನಡುಮನೆ, ದನದ ಮನೆ ಎನ್ನುವಲ್ಲಿ ಪ್ರತಿಯೊಂದು ಅಂಗವೂ ತಾನೇ ಒಂದು ಮನೆ. ಇವೆಲ್ಲ ಕೂಡಿದುದೂ ಮನೆ. ಪಗಡಿಯ ಹಾಸಿನ ಚೌಕಗಳಿಗೂ ಮನೆಯೆಂದೇ ಹೆಸರು. ಒಂದೇ ಮನೆಯ ಹಾಸಿನಲ್ಲಿ ಆಟ ನಡೆಯದು. ಕನ್ನಡಿಗನ ಭಾಷಾಬುದ್ಧಿಯಲ್ಲಿ ಮನೆಯೆಂಬುದು ಅನೇಕ ಮನೆಗಳ ಸಮಾಸವಾಗಿರುವುದು.

ಈಗ ಮಾರ್ಗಸೂಚಿಯ ಕಡೆಗೆ ತಿರುಗಬಹುದು. ಪ್ರಧಾನಮಂತ್ರಿ ಆವಾಸ ಯೋಜನೆಯ ಗ್ರಾಮೀಣ ವಿಭಾಗವು ಮನೆಯ ಕನಿಷ್ಠ ವಿಸ್ತೀರ್ಣವನ್ನು 25 ಚದರ ಮೀಟರೆಂದು, ಅಡಿಗೆಯ ಸ್ಥಳವೂ ಅದರಲ್ಲಿ ಸೇರಿದೆಯೆಂದು ಗೊತ್ತುಪಡಿಸಿರುವುದು. ಹಿಂದಿನ ಯೋಜನೆಯಲ್ಲಿ ಅದು 20 ಚದರ ಮೀಟರಿತ್ತು. ಹೆಚ್ಚಿದುದು ಮೆಚ್ಚತಕ್ಕ ಮಾತೇ. ಬಯಲುನಾಡಿಗೆ ಸಹಾಯಧನವು ರೂ. 1,20,000, ಕೇಂದ್ರ ಮತ್ತು ರಾಜ್ಯಗಳು 60:40ರ ಪ್ರಮಾಣದಲ್ಲಿ ಇದನ್ನು ಭರಿಸುವುವು. ಉದ್ಯೋಗಖಾತರಿಯ ಕೂಲಿಯೂ ಶೌಚಾಲಯದ ರೂ. 12,000ವೂ ಇದಕ್ಕೆ ಸೇರುವಂತೆ ವಿಧಿಸಲಾಯಿತು. 25 ಚದರ ಮೀಟರೆಂದರೆ ಸುಮಾರು 269 ಚದರ ಅಡಿ. ತಲಬಾಗಿಲ ಹೊರಗಿನ ಕಟ್ಟೆ, ಪಡಸಾಲೆ, ಎತ್ತುಗಳ ಗ್ವಾದಲಿ, ಕಾಳಿನ ಚೀಲಗಳ ಮೂಲೆ, ದೇವರ ಜಗಲಿ, ಬಚ್ಚಲು, ಹಿತ್ತಿಲು ಇವುಗಳಲ್ಲಿ ಯಾವುದಕ್ಕೂ ಈ ಲೆಕ್ಕದಲ್ಲಿ ಪ್ರತ್ಯೇಕವಾದ ಸ್ಥಾನವಿಲ್ಲ. ನೀತಿಯ ಕರ್ತೃವು ಮನೆಯನ್ನು ಮಲಗುವ ಮತ್ತು ಅಡಿಗೆ ಮಾಡುವ ಸ್ಥಳವೆಂದು ಭಾವಿಸಿರುವನು. ಗೋಕಾವಿ ಸೀಮೆಯ ಒಕ್ಕಲಿಗನು ಅದನ್ನು ದುಡಿಮೆಯ ಸ್ಥಳವೆಂದೂ ಭಾವಿಸಿರುವನು. ಗೋಕಾಕದ ಮರದ ಬೊಂಬೆಗಳು ದೇಶದಲ್ಲೆಲ್ಲ ಪ್ರಸಿದ್ಧವಾದುವು. ಹಗುರ ಮರವನ್ನು ಕೆತ್ತಿ, ಮೈಗೂಡಿಸಿ, ಬಣ್ಣ ಹಚ್ಚಿ, ಒಣಗಲಿಡುವ ಕೆಲಸವೆಲ್ಲ ಚಿತ್ರಗಾರರ ಮನೆಗಳಲ್ಲಿಯೇ ನಡೆದುಬಂದಿರುವುದು. ಬಣ್ಣವು ಆರುವವರೆಗೆ ಬೊಂಬೆಗಳು ನೆಲದ ಮೇಲೆ ಸಾಲಾಗಿ ಕೂಡ್ರಬೇಕು. 269 ಚದರ ಅಡಿಯಲ್ಲಿ ಬೊಂಬೆಗಳು ಕೂತರೆ ಮಕ್ಕಳು ಹೊರಗೆ ಮಲಗಬೇಕಾಗುವುದು. ಗೋಕಾಕ ಫಾಲ್ಸಿನ ನೂಲಿನ ಗಿರಣಿಯಲ್ಲಿ (1887) ದುಡಿದವನು ಕೆಲಸವನ್ನು ಗಿರಣಿಯಲ್ಲಿಯೇ ಬಿಟ್ಟು ಚಾಳಿಗೆ ಮರಳುತ್ತಿದ್ದನು. ಅವನ ವಾಸಕ್ಕೆ ಒಂದು ಕೋಣೆ ಸಾಕೆಂಬ ಕಲ್ಪನೆಗೆ ಅರ್ಥವುಂಟು. ಅದೇ ಕಲ್ಪನೆಯನ್ನು ಒಕ್ಕಲಿಗನ ಮೇಲೂ ಕುಶಲಕರ್ಮಿಯ ಮೇಲೂ ಹೊರಿಸಿದರೆ ಅರ್ಥವು ಕೆಡುವುದು.

25 ಚದರ ಮೀಟರು ಕನಿಷ್ಠವೇ ಹೊರತು ಗರಿಷ್ಠವಲ್ಲವೆಂದು ನೀತಿಯ ಪಕ್ಷದವರು ಹೇಳಬಹುದು. ಅಕ್ಷರಶಃ ಅದು ಸರಿ. ಆದರೆ ಹಣದ ಮೊತ್ತವು ಕನಿಷ್ಠದ ಅಳತೆಗೇ ಗೊತ್ತಾಗಿರುವಾಗ ಹೆಚ್ಚಿನ ಪ್ರತಿಯೊಂದು ಅಡಿಯೂ ಸಾಲದ ಅಡಿಯಾಗುವುದು.

‘ಫಲಾನುಭವಿ’ ಎಂಬ ಪದವು ಇನ್ನೂ ಸೂಕ್ಷ್ಮವಾದ ಪರೀಕ್ಷೆಗೆ ಅರ್ಹವಾಗಿದೆ. ಕನ್ನಡದ ಆಡಳಿತಭಾಷೆಯಲ್ಲಿ ಇಷ್ಟು ನೆಲೆಯೂರಿದ ಇನ್ನೊಂದು ಪದವು ಸಿಕ್ಕುವುದು ಕಷ್ಟ. ಫಲವನ್ನು ಅನುಭವಿಸುವವನು ಫಲಾನುಭವಿ; ಗಿಡವನ್ನು ನೆಟ್ಟವನು ಬೇರೆಯವನೆಂಬ ಧ್ವನಿಯು ಇದರಲ್ಲಿ ಅಡಗಿರುವುದು. ಆದರೆ ಅದೇ ಯೋಜನೆಯ ಮಾರ್ಗಸೂಚಿಯು ಮನೆಯನ್ನು ಗುತ್ತಿಗೆದಾರನಿಂದ ಕಟ್ಟಿಸಕೂಡದೆಂದು, ಫಲಾನುಭವಿಯೇ ಕಟ್ಟಿಕೊಳ್ಳಬೇಕೆಂದು ಸ್ಪಷ್ಟವಾಗಿ ವಿಧಿಸುವುದು. ತಳಪಾಯ, ಲಿಂಟಲು, ಛಾವಣಿ, ಪೂರ್ಣ ಎಂಬ ನಾಲ್ಕು ಹಂತಗಳಲ್ಲಿ ಕಂತಿನ ಹಣವು ಬಿಡುಗಡೆಯಾಗುವುದು. ಪ್ರತಿಯೊಂದು ಹಂತದಲ್ಲಿಯೂ ಮೊದಲು ಕೆಲಸ, ಆ ಮೇಲೆ ಚಿತ್ರ, ಅದರ ತರುವಾಯ ಹಣ. ಅಂದರೆ ಕಲ್ಲು, ಮರಳು, ಕಬ್ಬಿಣಗಳ ಸಾಲವನ್ನು ಎತ್ತಿ, ಗೌಂಡಿಯವರನ್ನು ಕರೆತಂದು, ತಾನೂ ಮಣ್ಣು ಹೊತ್ತು, ಕಟ್ಟಡವನ್ನು ಮೇಲಕ್ಕೆ ತಂದವಳು ಆ ಮನೆಯ ಹೆಣ್ಣುಮಗಳು. ಕಾಗದದ ಮೇಲೆ ಅವಳು ಅನ್ಯರು ಬೆಳೆದ ಹಣ್ಣನ್ನು ತಿನ್ನುವವಳು. ನಿಯಮವು ಅವಳನ್ನು ಕರ್ತೃವನ್ನಾಗಿ ಮಾಡಿದರೆ ಪದವು ಅವಳನ್ನು ಕರ್ಮವಾಗಿ ಇಳಿಸಿತು. ಕಾಯಕವನ್ನು ಬೋಧಿಸಿದ ಬಸವಣ್ಣನವರ ಹೆಸರಿನ ಯೋಜನೆಯಲ್ಲಿಯೂ ಈ ಪದವೇ ನಡೆಯುತ್ತಿರುವುದು ವಿಪರ್ಯಾಸ. ಶರಣರ ನಾಡಿನಲ್ಲಿ ‘ಅನುಭವಿ’ ಎಂಬ ಮಾತಿಗೆ ಒಂದಾನೊಂದು ಕಾಲದಲ್ಲಿ ಬೇರೆಯ ತೂಕವಿತ್ತೆಂಬುದನ್ನು ಇಲ್ಲಿ ನೆನೆಯದಿರುವುದೇ ಲೇಸು.

‘ಫಲಾನುಭವಿ’ಯ ಬದಲು ‘ಮನೆ ಕಟ್ಟುವವರು’ ಎಂದು ಬರೆದ ಮಾತ್ರಕ್ಕೆ ಕಂತು ಬೇಗ ಬರುವುದೇ ಎಂದು ಯಾರಾದರೂ ಕೇಳಬಹುದು. ಬಾರದಿರಬಹುದು. ಆದರೆ ಕಂತು ತಡವಾದಾಗ, ಕೇಳುವವಳ ದನಿ ಬೇರೆಯಾಗುವುದು. ದಾನವನ್ನು ಬೇಗ ಕೊಡಿರೆಂದು ಬೇಡುವುದೂ ಮಾಡಿದ ಕೆಲಸದ ಬಾಬತ್ತು ಹಣವನ್ನು ಕೇಳುವುದೂ ಒಂದೇ ಅಲ್ಲವೆಂಬುದನ್ನು ಕೂಲಿ ಮಾಡಿ ಬದುಕಿದವರಿಗೆ ಹೇಳಿಕೊಡಬೇಕಾದುದಿಲ್ಲ.

2019ರ ಪ್ರವಾಹವು ಈ ಭಾಷೆಯ ಮೇಲೆ ಹೆಚ್ಚಿನ ಭಾರವನ್ನು ಹೊರಿಸಿತು. ಹಾನಿಗೊಂಡ ಮನೆಗಳನ್ನು ಎ, ಬಿ, ಸಿ ಎಂಬ ವರ್ಗಗಳಾಗಿ ವಿಂಗಡಿಸಲಾಯಿತು. ಪೂರ್ಣವಾಗಿ ನಾಶವಾದ ಮನೆಯನ್ನು ಮರಳಿ ಕಟ್ಟಲು ರೂ. 5 ಲಕ್ಷವೆಂದು ರಾಜ್ಯಸರಕಾರವು ಸಾರಿತು. ಆಗಿನ ವಿಪತ್ತುನಿಧಿಯ ನಿಯಮದಂತೆ ದೊರೆಯತಕ್ಕ ಮೊತ್ತವು ರೂ. 95,100 ಮಾತ್ರವಾಗಿದ್ದುದನ್ನು ನೆನೆದರೆ ಇದು ಉದಾರವಾದ ನಿರ್ಣಯವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಒಂದೇ ಹಳ್ಳಿಯಲ್ಲಿ, ಒಂದೇ ಅಳತೆಯ ಮನೆಗೆ, ಎರಡು ಬೆಲೆಗಳು ಏರ್ಪಟ್ಟುವು: ನೀರಿಗೆ ಬಿದ್ದುದಕ್ಕೆ 5 ಲಕ್ಷ, ಬಡತನಕ್ಕೆ ಬಿದ್ದುದಕ್ಕೆ 1 ಲಕ್ಷ 20 ಸಾವಿರ. ಎರಡನೆಯ ಮೊತ್ತದಲ್ಲಿ ಮನೆಯಾಗುವುದೆಂಬುದು ನಿಜವಾದರೆ ಮೊದಲನೆಯದು ಹೆಚ್ಚಾಯಿತು. ಮೊದಲನೆಯದು ನಿಜವಾದ ವೆಚ್ಚವಾದರೆ ಎರಡನೆಯದು ಅರ್ಧ ಗೋಡೆಗೂ ಸಾಲದು. ಇವುಗಳಲ್ಲಿ ಯಾವುದು ಸತ್ಯಕ್ಕೆ ಹತ್ತಿರವೆಂಬುದನ್ನು ಸಿಮೆಂಟು ಕೊಂಡವರೆಲ್ಲ ಬಲ್ಲರು.

ವರ್ಗೀಕರಣದ ಮಾತಿನಲ್ಲಿಯೂ ತೊಡಕು ಕಂಡಿತು. ಮಣ್ಣಿನ ಗೋಡೆಯು ಸುಟ್ಟ ಇಟ್ಟಿಗೆಯ ಗೋಡೆಯಂತೆ ಬೀಳುವುದಿಲ್ಲ. ನೀರಿನಲ್ಲಿ ನೆನೆದಾಗ ಅದು ತನ್ನ ಭಾರದಿಂದ ಸ್ವಲ್ಪ ಕಾಲ ನಿಂತಿರುವುದು. ನೀರಿಳಿದು ಬಿಸಿಲು ಬಿದ್ದು ಒಣಗತೊಡಗಿದಾಗ ಒಳಗಿನಿಂದ ಬಿರಿದು, ವಾರಗಳ ಮೇಲೆ, ಕೆಲವೊಮ್ಮೆ ಮುಂದಿನ ಮಳೆಗೆ, ಮೇಲ್ಮುದ್ದೆಯ ಮಣ್ಣಿನ ಹೊರೆಯೊಡನೆ ಕುಸಿಯುವುದು. ಸಮೀಕ್ಷೆಗೆ ಬಂದವರು ನಿಂತ ಗೋಡೆಯನ್ನು ಕಂಡು ‘ಭಾಗಶಃ ಹಾನಿ’ಯೆಂದು ಬರೆದರೆ ಅವರು ಸುಳ್ಳು ಬರೆದಂತಾಗಲಿಲ್ಲ, ಆದರೆ ಮನೆಯವರು ಆ ಗೋಡೆಯ ಕೆಳಗೆ ಮಲಗಲಾರರು. ಇಂತಹ ಗೋಡೆಗೆ ಹಳ್ಳಿಯವರಲ್ಲಿ ‘ಸತ್ತ ಗ್ವಾಡಿ’ಯಂತಹ ಮಾತು ಸಹಜವಾಗಿ ಹುಟ್ಟುವುದು. ನಮೂನೆಯ ಕಾಲಮುಗಳಲ್ಲಿ ಶೇಕಡಾವಾರು ಅಂಕಿಗೆ ಸ್ಥಳವಿತ್ತು, ಇಂತಹ ಮಾತಿಗೆ ಸ್ಥಳವಿರಲಿಲ್ಲ.

ಇನ್ನು ಒಡೆತನದ ವಿಷಯ. ಮುಂಬಯಿ ಇಲಾಖೆಯ ಆಡಳಿತವು 1956ರವರೆಗೆ ಇಲ್ಲಿ ನಡೆದುದರಿಂದ ಹಕ್ಕಿನ ಪರಿಭಾಷೆಯು ಮೈಸೂರಿನದಲ್ಲ. ಪಹಣಿಗೆ ಇಲ್ಲಿ ‘ಉತಾರ’, ಗ್ರಾಮಠಾಣಕ್ಕೆ ‘ಗಾಂವಠಾಣ’, ಹಿಸ್ಸೆಯಾಗುವುದಕ್ಕೆ ‘ವಾಟ್ನಿ’, ಕೃಷಿಯೇತರ ಭೂಮಿಗೆ ‘ಬಿನ್‌ಶೇತ್ಕಿ’. ಮನೆಯ ಉತಾರದಲ್ಲಿ ಅಜ್ಜನ ಹೆಸರೇ ಉಳಿದು, ಮೂವರು ಗಂಡುಮಕ್ಕಳೂ ಅವರ ಮಕ್ಕಳೂ ಅದೇ ಗೋಡೆಗಳೊಳಗೆ ಬೇರೆ ಬೇರೆ ಒಲೆ ಹೂಡಿಕೊಂಡಿರುವುದು ಈ ಸೀಮೆಯ ಸಾಮಾನ್ಯ ಸ್ಥಿತಿ. ‘ಬ್ಯಾರೆ ಆದರು’ ಎಂದರೆ ಒಲೆ ಬೇರೆಯಾಯಿತೆಂದೇ ಅರ್ಥ, ಕಾಗದ ಬೇರೆಯಾಯಿತೆಂದಲ್ಲ. ಜನಗಣತಿಯವರೂ ಕುಟುಂಬವನ್ನು ಒಂದೇ ಅಡಿಗೆಯಲ್ಲಿ ಉಣ್ಣುವವರ ಗುಂಪೆಂದು ಲಕ್ಷಣಿಸಿ ಜನರ ಬಳಕೆಯನ್ನೇ ಒಪ್ಪಿರುವರು. ಪರಿಹಾರದ ಕಾಲದಲ್ಲಿ ಮಾತ್ರ ಬಿದ್ದುದು ಒಂದು ಮನೆ, ಒಲೆಗಳು ಮೂರು, ಹೆಸರು ತೀರಿಹೋದವನದು ಎಂಬ ಸಮಸ್ಯೆಯು ತಲೆದೋರುವುದು. ಕಚೇರಿಯು ಕಾಗದವನ್ನು ಎಣಿಸುವುದು, ಜನಗಣತಿಯು ಒಲೆಯನ್ನು ಎಣಿಸುವುದು, ಇಬ್ಬರೂ ಒಂದೇ ಸರಕಾರದವರು.

ತೋಟದ ಮನೆಗಳ ಸ್ಥಿತಿಯು ಇದಕ್ಕಿಂತ ವಿಚಿತ್ರವಾದುದು. 1897ರಲ್ಲಿ ಧೂಪದಾಳದ ಒಡ್ಡು ಮುಗಿದ ತರುವಾಯ, ಅದಕ್ಕಿಂತ ಹೆಚ್ಚಾಗಿ ಹಿಡಕಲ್ ಜಲಾಶಯವಾದ ಮೇಲೆ, ಕಾಲುವೆಯ ನೀರು ಹರಿದಲ್ಲೆಲ್ಲ ರೈತರು ಊರನ್ನು ಬಿಟ್ಟು ಹೊಲಗಳಲ್ಲಿಯೇ ಮನೆ ಮಾಡಿಕೊಂಡರು. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಅನೇಕ ಹಳ್ಳಿಗಳಲ್ಲಿ ಗಾಂವಠಾಣವು ಗುಡಿ, ಚಾವಡಿ, ಸಂತೆಗಳ ಸ್ಥಳವಾಗಿ, ಬಹುಪಾಲು ಜನರು ತೋಟಗಳಲ್ಲಿರುವರು. ಮಕ್ಕಳಿಗಾಗಿ ತೋಟದ ಶಾಲೆಗಳೂ ಆಗಿರುವುವು. ಗಾಂವಠಾಣದೊಳಗಿನ ಮನೆಗೆ ಪಂಚಾಯತಿಯ ಸಂಖ್ಯೆಯುಂಟು. ತೋಟದ ಮನೆಯು ಸಾಗುವಳಿಯ ಉತಾರದೊಳಗೆ ಬೆಳೆಯ ಹೆಸರಿನಡಿಯಲ್ಲಿ ಅಡಗಿರುವುದು. ಭೂಸುಧಾರಣೆಯ ಶಾಸನದ 38ನೆಯ ಕಲಮು ಕೃಷಿಕಾರ್ಮಿಕನಿಗೆ ಅವನ ವಾಸದ ಮನೆಯ ಹಕ್ಕನ್ನು ಕೊಟ್ಟಿತು. 2017ರಲ್ಲಿ ಸೇರಿದ 38-ಎ ಕಲಮು ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ಕುರುಬರಹಟ್ಟಿ, ಮಜರೆ ಗ್ರಾಮ ಮೊದಲಾದ ದಾಖಲೆಯಿಲ್ಲದ ಜನವಸತಿಗಳ ನಿವಾಸಿಗಳಿಗೆ ಹಕ್ಕನ್ನು ವಿಸ್ತರಿಸಿತು. ಇವೆರಡೂ ಕರ್ನಾಟಕದ ಶಾಸನಸಾಹಿತ್ಯದಲ್ಲಿ ಗೌರವಕ್ಕೆ ಪಾತ್ರವಾದ ವಾಕ್ಯಗಳು. ಆದರೆ ಎರಡೂ ಅನ್ಯರ ನೆಲದ ಮೇಲೆ ವಾಸಿಸುವವನನ್ನು ಕಣ್ಣೆದುರಿಗಿಟ್ಟುಕೊಂಡು ಬರೆದುವು. ತನ್ನ ನೆಲದ ಮೇಲೆ ತಾನೇ ಕಟ್ಟಿಕೊಂಡು ಮನೆಯ ದಾಖಲೆ ಮಾತ್ರ ಇಲ್ಲದವನು ಈ ವಾಕ್ಯಗಳ ಅನ್ವಯದಲ್ಲಿ ಸಿಕ್ಕುವುದಿಲ್ಲ. ಮೇಲಾಗಿ ಎರಡೂವರೆ ಎಕರೆ ನೀರಾವರಿ ಭೂಮಿಯೂ ಒಂದು ಪಂಪೂ ಇದ್ದವನನ್ನು ಕೇಂದ್ರದ ಯೋಜನೆಯು ಅನರ್ಹನೆಂದು ಹೊರಗಿಟ್ಟಿತು. 2024ರಲ್ಲಿ ದ್ವಿಚಕ್ರ ವಾಹನ, ತಂಪುಪೆಟ್ಟಿಗೆಗಳ ನಿರ್ಬಂಧವನ್ನು ಸಡಿಲಿಸಿದುದು ಒಳ್ಳೆಯದಾಯಿತು. ಆದರೆ ಕಾಲುವೆಯ ಕೆಳಗಿನ ಸೀಮೆಯಲ್ಲಿ ನೀರಾವರಿಯ ಉತಾರವು ಸಿರಿತನದ ಕುರುಹೆಂದು ತಿಳಿಯುವುದು, ಕಬ್ಬಿನ ಬಿಲ್ಲು ಬರುವವರೆಗೆ ಸಾಲದಲ್ಲಿ ನಡೆಯುವ ಸಂಸಾರವನ್ನು ಕಂಡವರಿಗೆ ಒಪ್ಪಿಗೆಯಾಗದು.

ವಸತಿನೀತಿಯಲ್ಲಿ ನಿಸ್ಸಂದೇಹವಾಗಿ ಮೆಚ್ಚತಕ್ಕ ಅಂಶವೆಂದರೆ ಮನೆಯನ್ನು ಹೆಂಗಸಿನ ಹೆಸರಿಗೆ ಅಥವಾ ದಂಪತಿಗಳ ಜಂಟಿ ಹೆಸರಿಗೆ ಮಂಜೂರು ಮಾಡಬೇಕೆಂಬ ನಿಯಮ. ಇದರ ಮಹತ್ತ್ವವನ್ನು ಅರಿಯಲು ಈ ಸೀಮೆಯ ಸಾಹಿತ್ಯದ ನೆರವನ್ನೇ ಪಡೆಯಬಹುದು. ಕಂಬಾರರ ‘ಸಿಂಗಾರೆವ್ವ ಮತ್ತು ಅರಮನೆ’ (1982) ಎಂಬ ಕಾದಂಬರಿಯ ಶೀರ್ಷಿಕೆಯನ್ನು ವಿಮರ್ಶಕರು ಸಾಕಷ್ಟು ವಿಚಾರಿಸಿದಂತೆ ತೋರುವುದಿಲ್ಲ. ಕನ್ನಡದಲ್ಲಿ ಸಹಜವಾಗಿ ಬರಬೇಕಾದುದು ಷಷ್ಠೀವಿಭಕ್ತಿ. ‘ಸಿಂಗಾರೆವ್ವನ ಅರಮನೆ’ ಎಂದಾಗಬೇಕಿತ್ತು. ಕರ್ತೃವು ಅಲ್ಲಿ ‘ಮತ್ತು’ ಎಂಬ ಅವ್ಯಯವನ್ನಿಟ್ಟು ಹೆಣ್ಣನ್ನೂ ಮನೆಯನ್ನೂ ಎದುರುಬದುರಾಗಿ ನಿಲ್ಲಿಸಿರುವನು. ಗೌಡನ ಮಗಳು ದೇಸಾಯಿಯ ಅರಮನೆಯನ್ನು ಹೊಕ್ಕು ಬಾಳಿದಳು, ಅದು ಅವಳದಾಗಲಿಲ್ಲ. ಅವಳ ಬಾಳನ್ನು ಹತ್ತಿರದಿಂದ ಕಂಡ ಶೀನಿಂಗವ್ವನ ಬಾಯಿಂದ ಕಥೆಯು ಹೊರಡುವುದೂ ಔಚಿತ್ಯಪೂರ್ಣವಾಗಿದೆ, ಏಕೆಂದರೆ ಮನೆಯೊಳಗಿದ್ದೂ ಮನೆಯ ಒಡೆಯರಲ್ಲದವರಿಗೇ ಅದರ ಬಿರುಕುಗಳು ಮೊದಲು ಕಾಣುವುವು. ಸರಕಾರದ ಹಕ್ಕುಪತ್ರವು ಈ ‘ಮತ್ತು’ವನ್ನು ತೆಗೆದು ಷಷ್ಠಿಯನ್ನು ಇಡಲೆಳಸಿದೆ. ಕಚೇರಿಯ ಗದ್ಯದಲ್ಲಿ ಇಷ್ಟು ದೊಡ್ಡ ವ್ಯಾಕರಣಕಾರ್ಯವು ಬೇರೊಂದು ಕಡೆ ನಡೆದಿರಲಾರದು. ಹೆಸರು ಅವಳದಾದರೂ ಕಂತಿನ ವ್ಯವಹಾರ, ಸಾಲದ ಕಾಗದ, ಮಾರಾಟದ ಮಾತು ಗಂಡಸಿನ ಕೈಯಲ್ಲಿಯೇ ಉಳಿಯುವುದುಂಟೆಂಬ ಆಕ್ಷೇಪಣೆ ಸರಿಯಾದುದೇ. ಆದರೂ ಹೆಸರಿಲ್ಲದೆ ಆಕ್ಷೇಪಣೆಗೂ ಆಧಾರವಿಲ್ಲ.

ಊರನ್ನೇ ಎತ್ತಿ ಬೇರೆಡೆಯಲ್ಲಿ ಇಡುವ ಪ್ರಶ್ನೆಯು ಈ ಸೀಮೆಗೆ ಹೊಸದಲ್ಲ. ಒಕ್ಕಲು ಎಂದರೆ ನೆಲೆಸಿದ ಸಂಸಾರ, ಒಕ್ಕಲುತನವೆಂದರೆ ಬೇಸಾಯ, ಹಳೆಯ ಮೈಸೂರಿನ ಕಡೆ ಗೃಹಪ್ರವೇಶಕ್ಕೂ ಒಕ್ಕಲೆಂದೇ ಹೆಸರು. ‘ಒಕ್ಕಲೆಬ್ಬಿಸು’ ಎಂಬ ಒಂದು ಕ್ರಿಯಾಪದವು ಇವೆಲ್ಲವನ್ನೂ ಒಮ್ಮೆಗೇ ಕಿತ್ತುಹಾಕುವುದು. 51 ಟಿ.ಎಂ.ಸಿ. ನೀರು ಹಿಡಿಯುವ ಹಿಡಕಲ್ ಜಲಾಶಯಕ್ಕಾಗಿ ಹುಕ್ಕೇರಿ ತಾಲೂಕಿನ ಹಳ್ಳಿಗಳು ಎದ್ದುಹೋದುವು. ಹುನ್ನೂರಿನ ವಿಠ್ಠಲನ ಗುಡಿಯು ಇಂದಿಗೂ ನೀರು ಇಳಿದಾಗ ಮೇಲೆದ್ದು, ಜನರು ಅದನ್ನು ನೋಡಲು ಹೋಗುವರು. ಕಲ್ಲಿನ ಗುಡಿಯು ಉಳಿಯಿತು. ಅದರ ಸುತ್ತಲಿನ ಮಣ್ಣಿನ ಮನೆಗಳು ಕರಗಿ ಕೆರೆಯ ತಳವಾದುವು. ಪ್ರವಾಹದ ತರುವಾಯ ಎತ್ತರದ ಸ್ಥಳಕ್ಕೆ ಹೋಗಿರೆಂದಾಗ ನದಿದಂಡೆಯ ಜನರು ಹಿಂದೆಗೆಯುವುದನ್ನು ಮೌಢ್ಯವೆಂದು ಕರೆಯುವವರು ಈ ಹಿನ್ನೆಲೆಯನ್ನು ಮರೆಯುವರು. ಹೊಲ ನದಿಯ ಬಳಿ, ದನಕ್ಕೆ ನೀರು ನದಿಯ ಬಳಿ. 269 ಚದರ ಅಡಿ ಮಾತ್ರ ಮೂರು ಮೈಲಿಯ ಆಚೆ. ಸುರಕ್ಷಿತತೆಯ ವಾದವು ಬಲವಾದುದೇ, 2021 ಅದನ್ನು ಮತ್ತೊಮ್ಮೆ ಸಾಧಿಸಿ ತೋರಿಸಿತು. ಆದರೆ ದನದ ಮನೆಯಿಲ್ಲದ ಮನೆಯನ್ನು ತೋರಿಸಿ ಒಕ್ಕಲಿಗನನ್ನು ಕರೆಯುವುದು ವಾದವನ್ನು ಸೋಲಿಸುವ ಮಾರ್ಗವಾಗಿರುವುದು.

ಕಡೆಯದಾಗಿ ಹಕ್ಕುಪತ್ರದ ಚಕ್ಕುಬಂದಿಯನ್ನು ಕುರಿತು ಒಂದು ಮಾತು. ಕನ್ನಡದ ಶಾಸನಗಳಲ್ಲಿ ಮನೆಯ ನಿವೇಶನ, ತೋಟ, ಗಾಣಗಳ ದಾನವನ್ನು ಹೇಳುವಾಗ ಚತುಸ್ಸೀಮೆಯನ್ನು ಹೇಳುವುದು ವಾಡಿಕೆ: ಮೂಡಲು ಹಿರಿಯ ಕೆರೆ, ತೆಂಕಲು ಹೆದ್ದಾರಿ, ಪಡುವಲು ಹುತ್ತ, ಬಡಗಲು ಇಂತಹ ಮರ ಎಂಬ ರೀತಿಯಲ್ಲಿ. ಊರಿನ ಹಳೆಯ ಮನೆಯ ಖರೀದಿಪತ್ರದಲ್ಲಿಯೂ ಇದೇ ಜಾಡು ನಡೆದು, ಒಂದು ಕಡೆ ಭಾವಕಿಯವರ ಗೋಡೆ, ಒಂದು ಕಡೆ ಓಣಿ, ಹಿಂದೆ ಹಳ್ಳ ಎಂದು ಬರೆಯುವರು. ಓದಿದವನಿಗೆ ನೆರೆಹೊರೆಯೇ ಕಣ್ಣೆದುರಿಗೆ ಬರುವುದು. ಹೊಸ ಬಡಾವಣೆಯ ಹಕ್ಕುಪತ್ರದಲ್ಲಿ ಎರಡು ಮಗ್ಗುಲಿಗೆ ನಿವೇಶನದ ಸಂಖ್ಯೆಗಳು, ಮುಂದೆ ರಸ್ತೆ, ಹಿಂದೆ ಇನ್ನೊಂದು ಸಂಖ್ಯೆ. ಆ ಸಂಖ್ಯೆಗಳ ಸ್ಥಾನದಲ್ಲಿ ಮನುಷ್ಯರ ಹೆಸರುಗಳು ಬರುವುದು ಎರಡನೆಯ ಖರೀದಿಪತ್ರದಲ್ಲಿ ಅಥವಾ ಮೊದಲನೆಯ ವಾಟ್ನಿಯಲ್ಲಿ. ಅಷ್ಟರೊಳಗೆ ಓಣಿಗೆ ‘ಆಶ್ರಯ’ವಲ್ಲದ ಹೆಸರೂ ಹುಟ್ಟಿದ್ದರೆ ದಸ್ತಾವೇಜು ಬರೆಯುವವನು ಅದನ್ನೇ ಬರೆಯುವನು.